ಸರಾಸರಿಯಲ್ಲಿ ಕಾಣದ ರೋಗಿಗಳು: ಆರೋಗ್ಯದ ಅಂಕಿಅಂಶ ಮತ್ತು ಗ್ರಾಫ್ ಓದುವ ಕ್ರಮ

'ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ.' ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಈ ಸಾಲು ತರಬೇತಿಯ ಸ್ಲೈಡುಗಳಲ್ಲಿ, ಪತ್ರಿಕಾ ವರದಿಗಳಲ್ಲಿ, ಇಲಾಖೆಯ ಸಭೆಗಳಲ್ಲಿ ಪದೇ ಪದೇ ಬರುತ್ತದೆ. ಸಂಖ್ಯೆ ಸರಿಯಾಗಿಯೇ ಇದೆ. ಆದರೆ ಈ ಶೇ. 47.8ರೊಳಗೆ ಹಿಮೋಗ್ಲೋಬಿನ್ 11.8 ಇರುವ, ಓಡಾಡಿಕೊಂಡಿರುವ ಮಹಿಳೆಯೂ ಇದ್ದಾಳೆ, 6.5ಕ್ಕೆ ಇಳಿದು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮಹಿಳೆಯೂ ಇದ್ದಾಳೆ. ಇಬ್ಬರಿಗೆ ಬೇಕಾದ ಚಿಕಿತ್ಸೆಯೂ ತುರ್ತೂ ಬೇರೆ ಬೇರೆ. ಒಂದೇ ಸಂಖ್ಯೆಯಲ್ಲಿ ಅದು ಕಾಣುವುದಿಲ್ಲ.

ಆರೋಗ್ಯದ ಅಂಕಿಅಂಶ ಓದುವವರು ಈ ಮಾತನ್ನು ಬಿಡದೆ ಹಿಡಿದುಕೊಳ್ಳಬೇಕು. ಸಾಯುವ ಅಪಾಯ ಇರುವವರು ಹೆಚ್ಚಾಗಿ ಅಂಕಿಗಳ ಅಂಚಿನಲ್ಲಿರುತ್ತಾರೆ, ಸರಾಸರಿ ತೋರಿಸುವುದು ನಡುವನ್ನು. ಹಾಗಾಗಿ ನಡು ಎಲ್ಲಿದೆ ಎಂದು ನೋಡಿದ ಮೇಲೆ ಹರಡಿಕೆ ಎಷ್ಟು, ಅಂಚಿನಲ್ಲಿ ಎಷ್ಟು ಜನ, ಒಟ್ಟು ಎಷ್ಟು ಜನರಲ್ಲಿ ಎಂದು ಕೇಳಲೇಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಮಾಸಿಕ ವರದಿ ತಯಾರಿಸುವವರಿಗೆ, ನರ್ಸಿಂಗ್ ಮತ್ತು ಸಮುದಾಯ ಆರೋಗ್ಯದ ವಿದ್ಯಾರ್ಥಿಗಳಿಗೆ, ಆರೋಗ್ಯ ಸುದ್ದಿ ಬರೆಯುವವರಿಗೆ ಇದನ್ನು ಮಾಡುವ ಕ್ರಮ ಇಲ್ಲಿದೆ.

ಹಂತ 1: ಸಂಖ್ಯೆಯ ಹಿನ್ನೆಲೆ ವಿಚಾರಿಸಿ

ಯಾವ ಸಂಖ್ಯೆ ಕೈಗೆ ಬಂದರೂ ಐದು ಪ್ರಶ್ನೆ ಕೇಳಿ: ಯಾರನ್ನು ಅಳೆದರು, ಯಾವಾಗ, ಯಾವ ವಿಧಾನದಲ್ಲಿ, ಯಾವ ಗಡಿ ಇಟ್ಟುಕೊಂಡು, ಎಷ್ಟು ಜನರನ್ನು.

ಮೇಲಿನ ಶೇ. 47.8ಕ್ಕೇ ಇದನ್ನು ಹಚ್ಚಿ ನೋಡೋಣ. ನಾಲ್ಕನೇ ಸಮೀಕ್ಷೆಯಲ್ಲಿ (2015-16) ಇದೇ ಅಂಕಿ ಶೇ. 44.8 ಇತ್ತು. ಲಾಕ್‌ಡೌನ್‌ನಿಂದ ರಕ್ತಹೀನತೆ ಏರಿತು ಎಂದು ಯಾರಾದರೂ ಬರೆದರೆ ಅದು ತಪ್ಪು, ಏಕೆಂದರೆ ಐದನೇ ಸಮೀಕ್ಷೆಯ ಮೊದಲ ಹಂತದಲ್ಲೇ, ಕೋವಿಡ್ ಹರಡುವ ಮುಂಚೆ, ಕರ್ನಾಟಕದ ಕೆಲಸ ಮುಗಿದಿತ್ತು. ತಲೆಬರಹದಲ್ಲಿ '2019-21' ಎಂದಿರುವುದು ಇಡೀ ದೇಶದ ಅವಧಿ.

ವಿಧಾನದ ವಿಷಯಕ್ಕೆ ಬಂದರೆ, ಈ ಸಮೀಕ್ಷೆಗಳಲ್ಲಿ ಬೆರಳ ತುದಿಗೆ ಚುಚ್ಚಿ ತೆಗೆದ ಹನಿ ರಕ್ತವನ್ನು ಪರೀಕ್ಷಿಸಿದ್ದಾರೆ. ಆಸ್ಪತ್ರೆಯ ಲ್ಯಾಬ್‌ನಲ್ಲಿ ರಕ್ತನಾಳದಿಂದ ತೆಗೆದ ರಕ್ತದ ಅಳತೆಗೂ ಇದಕ್ಕೂ ವ್ಯತ್ಯಾಸ ಬರುತ್ತದೆ. ಬೆರಳನ್ನು ಹಿಂಡಿ ಹನಿ ತೆಗೆದರೆ ಅಂಗಾಂಶದ ನೀರು ಸೇರಿ ರಕ್ತ ತೆಳುವಾಗುತ್ತದೆ, ಓದು ಕಡಿಮೆ ಬರುತ್ತದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಲ್ಯಾಬ್ ಅಂಕಿಯನ್ನು ಸಮೀಕ್ಷೆಯ ಅಂಕಿಯ ಪಕ್ಕ ಇಟ್ಟು, ನಮ್ಮಲ್ಲಿ ಸುಧಾರಿಸಿದೆ ಎಂದು ಹೇಳುವ ಮುಂಚೆ ಇದು ನೆನಪಿರಲಿ.

ಗಡಿಯೂ ಅಷ್ಟೇ ಮುಖ್ಯ. ಗರ್ಭಿಣಿಯಲ್ಲದ ಮಹಿಳೆಗೆ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, ಗರ್ಭಿಣಿಗೆ 11ಕ್ಕಿಂತ ಕಡಿಮೆ, ಗಂಡಸಿಗೆ 13ಕ್ಕಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಗರ್ಭಾವಸ್ಥೆಯ ಎರಡನೇ ತ್ರೈಮಾಸಿಕದ ಗಡಿಯನ್ನು 10.5ಕ್ಕೆ ಇಳಿಸಿತು. ಆ ತಿಂಗಳುಗಳಲ್ಲಿ ರಕ್ತದ ದ್ರವಭಾಗ ಹೆಚ್ಚುವುದರಿಂದ ಹಿಮೋಗ್ಲೋಬಿನ್ ಸಹಜವಾಗಿಯೇ ಸ್ವಲ್ಪ ಇಳಿಯುತ್ತದೆ. ಅಂದರೆ ಒಂದೇ ರಿಜಿಸ್ಟರಿನಿಂದ ಗಡಿ ಬದಲಿಸಿ ಎರಡು ಬೇರೆ ಬೇರೆ ಶೇಕಡಾವಾರು ತೆಗೆಯಬಹುದು. ಗಡಿ ಯಾವುದೆಂದು ಬರೆಯದ ಶೇಕಡಾವಾರನ್ನು ಇನ್ನೊಂದರೊಂದಿಗೆ ಹೋಲಿಸಬೇಡಿ.

ಇನ್ನು ಎಷ್ಟು ಜನ ಎಂಬುದು. ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಹಾಳೆಗಳಲ್ಲಿ ಕೆಲವು ಅಂಕಿಗಳು ಆವರಣದೊಳಗೆ ಇರುತ್ತವೆ, ಕೆಲವೆಡೆ ಅಂಕಿಯ ಬದಲು ನಕ್ಷತ್ರ ಚಿಹ್ನೆ ಇರುತ್ತದೆ. ಆವರಣ ಎಂದರೆ 25ರಿಂದ 49 ಜನರ ಮೇಲಷ್ಟೇ ಲೆಕ್ಕ ನಿಂತಿದೆ ಎಂದು. ನಕ್ಷತ್ರ ಎಂದರೆ 25 ಜನರೂ ಸಿಗಲಿಲ್ಲ, ಹಾಗಾಗಿ ಕೊಟ್ಟಿಲ್ಲ ಎಂದು. ಅಂಕಿಗಳನ್ನು ನಕಲು ಮಾಡುವಾಗ ಬಹಳ ಜನ ಆವರಣವನ್ನು ಬಿಟ್ಟುಬಿಡುತ್ತಾರೆ. ಆಗ ಮೂವತ್ತು ಜನರ ಮಾತು ಇಡೀ ಜಿಲ್ಲೆಯ ಮಾತಾಗಿ ಹೋಗುತ್ತದೆ.

ಮಾದರಿ ಸಮೀಕ್ಷೆಯ ಶೇಕಡಾವಾರಿನಲ್ಲಿ ಎಷ್ಟು ಏರುಪೇರು ಇರಬಹುದು ಎಂದು ಬೇಗ ಅಂದಾಜಿಸಲು ಸುಲಭದ ಲೆಕ್ಕವಿದೆ: 100ನ್ನು ಸಮೀಕ್ಷೆಯಲ್ಲಿ ಅಳೆದ ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. 400 ಮಹಿಳೆಯರಾದರೆ ವರ್ಗಮೂಲ 20, ಏರುಪೇರು ಸುಮಾರು 5. ಶೇ. 48 ಎಂದು ಬಂದಿದ್ದರೆ ನಿಜವಾದ ಅಂಕಿ 43ರಿಂದ 53ರೊಳಗೆ ಎಲ್ಲಾದರೂ ಇರಬಹುದು. ಹಳ್ಳಿಗಳನ್ನು ಗುಂಪುಗುಂಪಾಗಿ ಆರಿಸಿ ಮಾಡಿದ ಸಮೀಕ್ಷೆಯಲ್ಲಿ ಇದು ಇನ್ನೂ ಹೆಚ್ಚು. ಅಕ್ಕಪಕ್ಕದ ಎರಡು ಜಿಲ್ಲೆಗಳ ನಡುವೆ 2 ಅಂಶದ ವ್ಯತ್ಯಾಸ ಕಂಡು ಒಂದನ್ನು ಮೆಚ್ಚಿ ಇನ್ನೊಂದನ್ನು ದೂರುವುದು ಅನ್ಯಾಯ.

ಹಂತ 2: ಲೆಕ್ಕಕ್ಕೆ ಮುಂಚೆ ರಿಜಿಸ್ಟರ್ ನೋಡಿ

ನಿಮ್ಮದೇ ದತ್ತಾಂಶವಾದರೆ ಎಕ್ಸೆಲ್‌ಗೆ ಏರಿಸಿದ ಕೂಡಲೇ ಸರಾಸರಿ ತೆಗೆಯಬೇಡಿ. ಮೊದಲು ಆ ಕಾಲಮ್ಮನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಮೇಲಿನ ಹತ್ತು ಮತ್ತು ಕೆಳಗಿನ ಹತ್ತು ಅಂಕಿ ಕಣ್ಣಿಟ್ಟು ನೋಡಿ. ಹಿಮೋಗ್ಲೋಬಿನ್ 110 ಎಂದಿದ್ದರೆ 11.0ರ ಚುಕ್ಕೆ ಬಿಟ್ಟುಹೋಗಿದೆ. 0 ಎಂದಿದ್ದರೆ ಪರೀಕ್ಷೆಯೇ ಆಗಿಲ್ಲ. ಎಕ್ಸೆಲ್ ಖಾಲಿ ಮನೆಯನ್ನು ಸರಾಸರಿಯಿಂದ ಬಿಡುತ್ತದೆ, ಸೊನ್ನೆಯನ್ನು ಮಾತ್ರ ಅಂಕಿಯೆಂದೇ ಎಣಿಸುತ್ತದೆ. ಐವತ್ತು ಜನರಲ್ಲಿ ಐದು ಸೊನ್ನೆ ಇದ್ದರೆ 10.8 ಇರಬೇಕಾದ ಸರಾಸರಿ 9.7ಕ್ಕೆ ಇಳಿಯುತ್ತದೆ. 'ಮಾಹಿತಿ ಇಲ್ಲ' ಎನ್ನುವುದಕ್ಕೆ 99 ಎಂದು ತುಂಬುವ ಹಳೆಯ ರೂಢಿ ಇನ್ನೂ ಅಪಾಯಕಾರಿ. '11 ಗ್ರಾಂ' ಎಂದು ಅಕ್ಷರ ಸೇರಿಸಿ ಟೈಪ್ ಮಾಡಿದ್ದನ್ನು ಎಕ್ಸೆಲ್ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಬಿಪಿಯನ್ನು 120/80 ಎಂದು ಒಂದೇ ಮನೆಯಲ್ಲಿ ತುಂಬಿದರೆ ಲೆಕ್ಕವೇ ಆಗದು; ಮೇಲಿನ ಅಂಕಿಗೆ ಒಂದು, ಕೆಳಗಿನದಕ್ಕೆ ಒಂದು ಕಾಲಮ್ ಇರಬೇಕು.

ಆಮೇಲೆ ಕೊನೆಯ ಅಂಕೆಗಳನ್ನು ಎಣಿಸಿ. ಪಾದರಸದ ಬಿಪಿ ಯಂತ್ರದ ಅಳತೆಪಟ್ಟಿಯಲ್ಲಿ 2 ಮಿಲಿಮೀಟರ್‌ಗೊಂದು ಗೆರೆ ಇರುತ್ತದೆ. ಗೆರೆ ನೋಡಿ ಬರೆದರೆ 0, 2, 4, 6, 8 ಎಂಬ ಐದೂ ಕೊನೆಯ ಅಂಕೆಗಳು ಹೆಚ್ಚುಕಡಿಮೆ ತಲಾ ಶೇ. 20ರಷ್ಟು ಬರಬೇಕು. ಶೇ. 60ರಷ್ಟು ಓದುಗಳು 0ಯಲ್ಲೇ ಮುಗಿಯುತ್ತಿದ್ದರೆ ಯಾರೋ ಅಂದಾಜಿನ ಮೇಲೆ ಬರೆಯುತ್ತಿದ್ದಾರೆ ಎಂದರ್ಥ. ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ. ಅಧಿಕ ರಕ್ತದೊತ್ತಡದ ಗಡಿ 140. 136, 138 ಇದ್ದವರನ್ನೆಲ್ಲ 140 ಎಂದು ಬರೆದರೆ ರೋಗಿಗಳ ಪಟ್ಟಿ ಉಬ್ಬುತ್ತದೆ. 142, 144ನ್ನು 130 ಎಂದು ಬರೆದರೆ ಮಾತ್ರೆ ಬೇಕಾದವರು ಬರಿಗೈಲಿ ಮನೆಗೆ ಹೋಗುತ್ತಾರೆ.

ಹೆರಿಗೆ ರಿಜಿಸ್ಟರಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹುಟ್ಟಿದ ಮಗುವಿನ ತೂಕ 2500 ಗ್ರಾಂಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಮಗು. ತೂಕಗಳನ್ನು 100 ಗ್ರಾಂ ಅಂತರದಲ್ಲಿ ವಿಂಗಡಿಸಿ ಹಿಸ್ಟೋಗ್ರಾಂ (ಪ್ರತಿ ಅಂತರದಲ್ಲಿ ಎಷ್ಟು ಅಂಕಿ ಬಿದ್ದಿವೆ ಎಂದು ಕಂಬದ ಎತ್ತರದಲ್ಲಿ ತೋರಿಸುವ ಗ್ರಾಫ್) ಬಿಡಿಸಿ. 2500ರಲ್ಲಿ ಒಂದು ಎತ್ತರದ ಕಂಬ, ಅದರ ಎಡಕ್ಕೆ 2400ರಲ್ಲಿ ತಗ್ಗು, ಮತ್ತೆ 3000ದಲ್ಲಿ ಇನ್ನೊಂದು ಎತ್ತರದ ಕಂಬ ಕಂಡರೆ ತೂಕವನ್ನು ಅರ್ಧ ಕೆಜಿಗೆ ಸರಿಮಾಡಿ ಬರೆಯಲಾಗಿದೆ. ಆ ತಗ್ಗಿನಲ್ಲಿ ಇರಬೇಕಾದ ಮಕ್ಕಳು, 2420, 2460 ಗ್ರಾಂ ಇದ್ದವರು, 2.5 ಎಂದಾಗಿ ಕಡಿಮೆ ತೂಕದ ಪಟ್ಟಿಯಿಂದ ಜಾರಿದ್ದಾರೆ. ಬೆಚ್ಚಗಿಡುವುದು, ಹಾಲೂಡಿಸುವುದನ್ನು ಗಮನಿಸುವುದು, ಆಶಾ ಕಾರ್ಯಕರ್ತೆ ಮನೆಗೆ ಹೆಚ್ಚು ಸಲ ಭೇಟಿ ಕೊಡುವುದು ಇಂಥ ಮಕ್ಕಳಿಗೇ ಬೇಕು. ಕಂಬದ ಅಗಲವನ್ನು 500 ಗ್ರಾಂ ಇಟ್ಟರೆ ಈ ತಗ್ಗು ಪೂರ್ತಿ ಮುಚ್ಚಿಹೋಗುತ್ತದೆ, ಆದ್ದರಿಂದ ಮೊದಲು ಕಿರಿದಾದ ಕಂಬಗಳಲ್ಲೇ ನೋಡಬೇಕು. ಇನ್ನೊಂದು ಸೂಕ್ಷ್ಮ: ಎಕ್ಸೆಲ್‌ನ ಹಿಸ್ಟೋಗ್ರಾಂ ಗಡಿಯ ಮೇಲೆಯೇ ಬಿದ್ದ ಅಂಕಿಯನ್ನು ಎಡಗಡೆಯ ಕಂಬಕ್ಕೆ ಸೇರಿಸುತ್ತದೆ. ಸರಿಯಾಗಿ 2500 ಇರುವ ಮಗು ಕಡಿಮೆ ತೂಕದ ಕಂಬದಲ್ಲಿ ಕಾಣಿಸಿಕೊಳ್ಳುತ್ತದೆ. ಗಡಿಗಳನ್ನು 2499ಕ್ಕೆ ಸರಿಸಿ ಬಿಡಿಸಿದರೆ ಈ ಗೊಂದಲ ಇಲ್ಲ.

ಹಂತ 3: ಸರಾಸರಿ ಬೇಕೇ, ಮಧ್ಯಾಂಕ ಬೇಕೇ

ಲೆಕ್ಕಕ್ಕೆಂದು ಒಂದು ಕಲ್ಪಿತ ಉದಾಹರಣೆ. ಡೆಂಗಿಗೆ ಆಸ್ಪತ್ರೆ ಸೇರಿದ 11 ಜನ ಒಳರೋಗಿಗಳಾಗಿ ಕಳೆದ ದಿನಗಳು: 2, 3, 3, 3, 4, 4, 4, 5, 5, 6, 27. ಮೊತ್ತ 66, ಸರಾಸರಿ 6 ದಿನ. ಆದರೆ ಹನ್ನೊಂದರಲ್ಲಿ ಒಂಬತ್ತು ಜನ 5 ದಿನದೊಳಗೇ ಮನೆಗೆ ಹೋಗಿದ್ದಾರೆ. 27 ದಿನ ಇದ್ದ ಒಬ್ಬರು ಸರಾಸರಿಯನ್ನು ಎತ್ತಿ ಹಿಡಿದಿದ್ದಾರೆ. ಜೋಡಿಸಿದ ಸಾಲಿನ ನಟ್ಟನಡುವೆ, ಆರನೆಯ ಸ್ಥಾನದಲ್ಲಿ ಇರುವುದು 4, ಅದೇ ಮಧ್ಯಾಂಕ. 27 ದಿನದ ರೋಗಿಯನ್ನು ತೆಗೆದು ನೋಡಿ: ಸರಾಸರಿ 3.9ಕ್ಕೆ ಕುಸಿಯುತ್ತದೆ, ಮಧ್ಯಾಂಕ 4ರಲ್ಲೇ ನಿಲ್ಲುತ್ತದೆ.

ಆಸ್ಪತ್ರೆಯಲ್ಲಿದ್ದ ದಿನ, ಚಿಕಿತ್ಸೆಯ ಖರ್ಚು, ಜ್ವರ ಬಂದಾಗಿನಿಂದ ಆಸ್ಪತ್ರೆಗೆ ಬರುವವರೆಗಿನ ಅವಧಿ, ಲಿವರ್ ಕಿಣ್ವಗಳ ಮಟ್ಟ ಮುಂತಾದವು ಬಹುತೇಕ ಬಲಕ್ಕೆ ಬಾಲ ಚಾಚಿಕೊಂಡಿರುತ್ತವೆ. ಇವಕ್ಕೆ ಮಧ್ಯಾಂಕವೇ ಸರಿ. ಎತ್ತರ, ಹಿಮೋಗ್ಲೋಬಿನ್, ಮೇಲಿನ ಬಿಪಿ ಎರಡೂ ಬದಿಗೆ ಸುಮಾರು ಸಮನಾಗಿ ಹರಡುವುದರಿಂದ ಸರಾಸರಿ ನಡೆಯುತ್ತದೆ. ಎರಡನ್ನೂ ತೆಗೆದು ಪಕ್ಕಪಕ್ಕ ಇಡುವುದು ಒಳ್ಳೆಯ ಅಭ್ಯಾಸ: ಸರಾಸರಿ ಮಧ್ಯಾಂಕಕ್ಕಿಂತ ಬಹಳ ದೊಡ್ಡದಿದ್ದರೆ ಬಲಗಡೆ ಬಾಲವಿದೆ.

ಒಂದು ಎಚ್ಚರಿಕೆ ಮಾತ್ರ. ಮಧ್ಯಾಂಕ ಸಿಕ್ಕಿತೆಂದು ಆ 27 ದಿನದ ರೋಗಿಯನ್ನು ಮರೆಯಬಾರದು. ಅದು ಟೈಪಿಂಗ್ ತಪ್ಪೇ, 2 ಮತ್ತು 7 ಅಂಟಿಕೊಂಡಿದ್ದೇ, ಅಥವಾ ನಿಜವಾಗಿಯೂ ಐಸಿಯುನಲ್ಲಿದ್ದವರೇ ಎಂದು ಕೇಸ್ ಶೀಟ್ ತೆಗೆದು ನೋಡಬೇಕು. ತಪ್ಪೆಂದು ಖಚಿತವಾದರೆ ತಿದ್ದಿ. ನಿಜವಾದರೆ ಅಳಿಸುವ ಹಕ್ಕು ನಮಗಿಲ್ಲ. ಬಹುಲಕಕ್ಕೆ, ಅಂದರೆ ಅತಿ ಹೆಚ್ಚು ಸಲ ಬರುವ ಅಂಕಿಗೆ, ಇಲ್ಲಿ ಹೆಚ್ಚು ಕೆಲಸವಿಲ್ಲ. ರಕ್ತದ ಗುಂಪು, ದೂರಿನ ಬಗೆಯಂಥ ವರ್ಗಗಳಿಗೆ ಅದು ಸಾಕು.

ಹಂತ 4: ಹರಡಿಕೆ ಎಷ್ಟು

ಮೇಲಿನ ಹನ್ನೊಂದು ಜನರ ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿವೆ ಎಂಬ ಅಳತೆ) ಲೆಕ್ಕ ಹಾಕಿದರೆ ಸುಮಾರು 7.1 ದಿನ ಬರುತ್ತದೆ. ಸರಾಸರಿ 6ರಿಂದ 7.1 ಕಳೆದರೆ ಸೊನ್ನೆಗಿಂತ ಕೆಳಗೆ. ಆಸ್ಪತ್ರೆಯಲ್ಲಿ ಯಾರೂ ಸೊನ್ನೆಗಿಂತ ಕಡಿಮೆ ದಿನ ಇರಲಾರರು. ಋಣಸಂಖ್ಯೆ ಬರಲು ಸಾಧ್ಯವೇ ಇಲ್ಲದ ಅಳತೆಯಲ್ಲಿ ಮಾನಕ ವಿಚಲನೆ ಸರಾಸರಿಯ ಅರ್ಧಕ್ಕಿಂತ ಹೆಚ್ಚಿದ್ದರೆ ಹರಡಿಕೆ ಒಂದು ಬದಿಗೆ ವಾಲಿದೆ ಎಂದು ಶಂಕಿಸಿ, ಚತುರ್ಥಕಗಳಿಗೆ (ಜೋಡಿಸಿದ ಸಾಲನ್ನು ನಾಲ್ಕು ಸಮಭಾಗ ಮಾಡುವ ಅಂಕಿಗಳಿಗೆ) ಹೋಗಿ. ಇಲ್ಲಿ ಮೊದಲ ಚತುರ್ಥಕ 3, ಮೂರನೆಯದು 5. 'ಮಧ್ಯಾಂಕ 4 ದಿನ, ನಡುವಿನ ಅರ್ಧದಷ್ಟು ರೋಗಿಗಳು 3ರಿಂದ 5 ದಿನ' ಎಂದರೆ ವಾರ್ಡಿನ ನಿಜಸ್ಥಿತಿ ತಿಳಿಯುತ್ತದೆ, ಹಾಸಿಗೆಯ ಲೆಕ್ಕವನ್ನೂ ಹಾಕಬಹುದು.

ಈಗ ಹಿಮೋಗ್ಲೋಬಿನ್ನಿಗೆ ಬನ್ನಿ. ಎರಡು ಕೇಂದ್ರಗಳಲ್ಲಿ ತಲಾ 1000 ಗರ್ಭಿಣಿಯರಿದ್ದಾರೆ ಎಂದುಕೊಳ್ಳಿ. ಎರಡರಲ್ಲೂ ಸರಾಸರಿ 11.0, ಎರಡರಲ್ಲೂ ಹರಡಿಕೆ ಗಂಟೆಯಾಕಾರದ್ದು (ನಡುವೆ ಎತ್ತರ, ಎರಡೂ ಬದಿಗೆ ಸಮನಾಗಿ ಇಳಿಜಾರು). ಮೊದಲ ಕೇಂದ್ರದ ಮಾನಕ ವಿಚಲನೆ 0.6, ಎರಡನೆಯದರದು 1.8. ಎರಡೂ ಕಡೆ ಅರ್ಧದಷ್ಟು ಜನ 11ರ ಕೆಳಗೆ, ಹಾಗಾಗಿ ರಕ್ತಹೀನತೆ ಎರಡರಲ್ಲೂ ಶೇ. 50. ಮಾಸಿಕ ವರದಿಯಲ್ಲಿ ಈ ಎರಡು ಕೇಂದ್ರಗಳಿಗೆ ಯಾವ ವ್ಯತ್ಯಾಸವೂ ಕಾಣದು. ಆದರೆ ಗಂಟೆಯಾಕಾರದ ಹರಡಿಕೆಯಲ್ಲಿ ಸುಮಾರು ಶೇ. 95 ಜನ ಸರಾಸರಿಯ ಆಚೀಚೆ ಎರಡು ಮಾನಕ ವಿಚಲನೆಯೊಳಗೆ ಇರುತ್ತಾರೆ. ಮೊದಲ ಕೇಂದ್ರದಲ್ಲಿ ಅದು 9.8ರಿಂದ 12.2, ಎರಡನೆಯದರಲ್ಲಿ 7.4ರಿಂದ 14.6. ಗರ್ಭಿಣಿಯ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದರೆ ಅದು ತೀವ್ರ ರಕ್ತಹೀನತೆ, ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದ ಸ್ಥಿತಿ. ಮೊದಲ ಕೇಂದ್ರದಲ್ಲಿ ಅಂಥವರು ಸಿಗುವುದೇ ಇಲ್ಲ ಎನ್ನಬಹುದು. ಎರಡನೆಯದರಲ್ಲಿ ಸುಮಾರು 13 ಜನ. ಹೆರಿಗೆಯ ಹೊತ್ತಿನಲ್ಲಿ ಸ್ವಲ್ಪ ರಕ್ತ ಹೋದರೂ ತಡೆದುಕೊಳ್ಳಲಾಗದ ಆ 13 ತಾಯಂದಿರಿಗಾಗಿಯೇ ಈ ಲೆಕ್ಕವೆಲ್ಲ. ರಕ್ತಹೀನತೆಯ ಶೇಕಡಾವಾರಿನ ಪಕ್ಕದಲ್ಲಿ '7ಕ್ಕಿಂತ ಕಡಿಮೆ ಇರುವವರು ಇಷ್ಟು' ಎಂಬ ಇನ್ನೊಂದು ಕಾಲಮ್ ಇಲ್ಲದ ವರದಿ ಅರೆಬರೆ ವರದಿ.

ಹಂತ 5: ಛೇದ ಹುಡುಕಿ

ಛೇದ ಎಂದರೆ ಭಾಗಿಸುವ ಕೆಳಗಿನ ಅಂಕಿ, ಅಂದರೆ ಒಟ್ಟು ಎಷ್ಟು ಜನರಲ್ಲಿ ಎಂಬುದು. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ. ಆಯ್ದ ಊರುಗಳ ಜನನ ಮರಣ ದಾಖಲಿಸಿ ದರ ಅಂದಾಜಿಸುವ ಮಾದರಿ ನೋಂದಣಿ ವ್ಯವಸ್ಥೆಯ 2020ರ ಅಂಕಿಗಳ ಪ್ರಕಾರ ಸಾವಿರ ಜನಕ್ಕೆ ವರ್ಷಕ್ಕೆ ಕೇರಳದಲ್ಲಿ 7.0 ಸಾವು, ಬಿಹಾರದಲ್ಲಿ 5.4. ಬಿಹಾರದ ಆರೋಗ್ಯ ಕೇರಳಕ್ಕಿಂತ ಚೆನ್ನಾಗಿದೆಯೇ? ಅದೇ ವರ್ಷ ಸಾವಿರ ಜೀವಂತ ಜನನಕ್ಕೆ ಶಿಶುಮರಣ ಕೇರಳದಲ್ಲಿ 6, ಬಿಹಾರದಲ್ಲಿ 27. ಕೇರಳದಲ್ಲಿ ವಯಸ್ಸಾದವರು ಹೆಚ್ಚು, ಬಿಹಾರದಲ್ಲಿ ಚಿಕ್ಕ ವಯಸ್ಸಿನವರು ಹೆಚ್ಚು. ಒಟ್ಟು ಮರಣ ದರ ಈ ವಯಸ್ಸಿನ ಲೆಕ್ಕವನ್ನು ಒಳಗೊಂಡೇ ಬಂದಿದೆ. ವಯಸ್ಸಿನ ರಚನೆ ಬೇರೆ ಇರುವ ಎರಡು ಊರು, ಎರಡು ಆಸ್ಪತ್ರೆ, ಎರಡು ರಾಜ್ಯಗಳನ್ನು ಹೋಲಿಸುವಾಗ ವಯೋಗುಂಪುವಾರು ಹೋಲಿಸಿ, ಇಲ್ಲವೇ ವಯಸ್ಸಿಗೆ ಸರಿಹೊಂದಿಸಿದ ದರ ಕೇಳಿ.

ಛೇದವನ್ನು ಪೂರ್ತಿ ಬಿಟ್ಟರೆ ಇನ್ನೂ ಕಷ್ಟ. 'ಆಸ್ಪತ್ರೆ ಸೇರಿದವರಲ್ಲಿ ಅರ್ಧದಷ್ಟು ಜನ ಲಸಿಕೆ ಹಾಕಿಸಿಕೊಂಡವರೇ' ಎಂಬ ಸಂದೇಶ ನಿಮಗೂ ಬಂದಿರಬಹುದು. 1000 ಜನರ ಊರಿನಲ್ಲಿ 900 ಜನ ಲಸಿಕೆ ಪಡೆದಿದ್ದಾರೆ, ಒಟ್ಟು 20 ಜನ ಆಸ್ಪತ್ರೆ ಸೇರಿದ್ದಾರೆ, ಹತ್ತು ಜನ ಈ ಗುಂಪಿನವರು, ಹತ್ತು ಜನ ಆ ಗುಂಪಿನವರು ಎಂದುಕೊಳ್ಳಿ. ಲಸಿಕೆ ಪಡೆದ 900ರಲ್ಲಿ 10 ಎಂದರೆ ಶೇ. 1.1. ಪಡೆಯದ 100ರಲ್ಲಿ 10 ಎಂದರೆ ಶೇ. 10. ಅದೇ ಅಂಕಿಗಳು, ಸರಿಯಾದ ಛೇದ ಇಟ್ಟ ಕೂಡಲೇ ಒಂಬತ್ತು ಪಟ್ಟು ವ್ಯತ್ಯಾಸ ತೋರಿಸುತ್ತವೆ.

ಲಸಿಕೆ ವ್ಯಾಪ್ತಿ ಶೇ. 108 ಎಂದು ಬಂದರೆ ಹೆಮ್ಮೆಪಡುವಂಥದ್ದಲ್ಲ. ಛೇದದಲ್ಲಿರುವ ಮಕ್ಕಳ ಸಂಖ್ಯೆ ಜನಗಣತಿಯ ಮೇಲೆ ಹಾಕಿದ ಅಂದಾಜು. ಅದು ಕಡಿಮೆಯಿರಬಹುದು, ಅಥವಾ ಪಕ್ಕದ ತಾಲ್ಲೂಕಿನ ಮಕ್ಕಳೂ ನಿಮ್ಮಲ್ಲಿ ಬಂದು ಹಾಕಿಸಿಕೊಂಡಿರಬಹುದು. ಒಟ್ಟು 108 ಇದ್ದರೂ ನಿಮ್ಮದೇ ಹಾಡಿಯಲ್ಲೋ ವಲಸೆ ಕಾರ್ಮಿಕರ ಶೆಡ್ಡಿನಲ್ಲೋ ಒಂದೂ ಡೋಸ್ ಕಾಣದ ಮಕ್ಕಳಿರಬಹುದು. ಉಪಕೇಂದ್ರವಾರು ಬಿಡಿಸಿ ನೋಡಿ.

ಶೇಕಡಾ ಬೇರೆ, ಶೇಕಡಾ ಅಂಶ ಬೇರೆ. 44.8ರಿಂದ 47.8ಕ್ಕೆ ಏರಿದ್ದು 3 ಶೇಕಡಾ ಅಂಶ. ಹಿಂದಿನದಕ್ಕೆ ಹೋಲಿಸಿದರೆ ಶೇ. 6.7 ಏರಿಕೆ. ಎರಡೂ ನಿಜವೇ. ಯಾವುದನ್ನು ಹೇಳುತ್ತಿದ್ದೀರಿ ಎಂದು ಬರೆಯಿರಿ.

ಸಣ್ಣ ಸಂಖ್ಯೆಗಳ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇದರಿಂದ ತಳಮಟ್ಟದ ಸಿಬ್ಬಂದಿಗೆ ವಿನಾಕಾರಣ ಬೈಗುಳ ಬೀಳುತ್ತದೆ. ಕರ್ನಾಟಕದ ತಾಯಂದಿರ ಮರಣ ಅನುಪಾತ 2018-20ರಲ್ಲಿ ಲಕ್ಷ ಜೀವಂತ ಜನನಕ್ಕೆ 69, ದೇಶದ್ದು 97. ತಾಯಂದಿರ ಸಾವು ವಿರಳವಾದ್ದರಿಂದಲೇ ಈ ಅಂಕಿಯನ್ನು ಮೂರು ವರ್ಷ ಒಟ್ಟುಗೂಡಿಸಿ ಕೊಡುತ್ತಾರೆ. ವರ್ಷಕ್ಕೆ 3000 ಹೆರಿಗೆಯಾಗುವ ತಾಲ್ಲೂಕಿಗೆ ಇದೇ ದರ ಹಚ್ಚಿದರೆ ನಿರೀಕ್ಷಿತ ಸಾವು ಸುಮಾರು 2. ಸೇವೆಯಲ್ಲಿ ಯಾವ ಬದಲಾವಣೆ ಇಲ್ಲದಿದ್ದರೂ ಬರಿಯ ಆಕಸ್ಮಿಕದಿಂದ ಎಂಟು ವರ್ಷಕ್ಕೊಮ್ಮೆ ಒಂದೂ ಸಾವಿಲ್ಲದ ವರ್ಷ ಬರುತ್ತದೆ, ಆರೇಳು ವರ್ಷಕ್ಕೊಮ್ಮೆ ನಾಲ್ಕೋ ಅದಕ್ಕಿಂತ ಹೆಚ್ಚೋ ಸಾವಿನ ವರ್ಷ ಬರುತ್ತದೆ. 'ಕಳೆದ ವರ್ಷ 1, ಈ ವರ್ಷ 4, ನಾಲ್ಕು ಪಟ್ಟು ಏರಿಕೆ' ಎಂಬ ಗ್ರಾಫಿಗೆ ಇಲ್ಲಿ ಅರ್ಥವಿಲ್ಲ. ಆ ನಾಲ್ಕು ಸಾವುಗಳನ್ನು ಒಂದೊಂದಾಗಿ ಪರಿಶೀಲಿಸುವುದಕ್ಕೆ ಅರ್ಥವಿದೆ: ರಕ್ತಸ್ರಾವವೇ, ಬಿಪಿಯೇ, ಆಂಬುಲೆನ್ಸ್ ತಡವೇ, ರಕ್ತ ಸಿಗಲಿಲ್ಲವೇ. ತಾಲ್ಲೂಕು ಮಟ್ಟದಲ್ಲಿ ದರ ಹಾಕಬೇಡಿ. ಸಂಖ್ಯೆ ಕೊಟ್ಟು ಕಾರಣ ಬರೆಯಿರಿ.

ಹಂತ 6: ಗ್ರಾಫ್ ಓದುವಾಗ

ಮೊದಲು ಬಣ್ಣ ನೋಡಬೇಡಿ, ಅಕ್ಷ ನೋಡಿ. ಬಾರ್ ಗ್ರಾಫಿನಲ್ಲಿ ಕಣ್ಣು ಕಂಬದ ಎತ್ತರವನ್ನೇ ಅಳೆಯುತ್ತದೆ, ಹಾಗಾಗಿ ಲಂಬ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು. 44.8 ಮತ್ತು 47.8ರ ಕಂಬಗಳನ್ನು 44ರಿಂದ ಶುರುಮಾಡಿದರೆ ಎರಡನೆಯದು ಮೊದಲನೆಯದಕ್ಕಿಂತ ಸುಮಾರು ಐದು ಪಟ್ಟು ಎತ್ತರ ಕಾಣುತ್ತದೆ. ಸೊನ್ನೆಯಿಂದ ಬಿಡಿಸಿದರೆ ವ್ಯತ್ಯಾಸ ಬೆರಳಗಲ. ಲೈನ್ ಗ್ರಾಫಿಗೆ ಈ ಕಟ್ಟುಪಾಡಿಲ್ಲ, ಅಲ್ಲಿ ನೋಡುವುದು ಇಳಿಜಾರನ್ನು. ಜ್ವರದ ಚಾರ್ಟನ್ನು ಸೊನ್ನೆ ಡಿಗ್ರಿಯಿಂದ ಬಿಡಿಸಿದರೆ ಜ್ವರವೇ ಕಾಣದು. ಎಡಕ್ಕೊಂದು ಬಲಕ್ಕೊಂದು ಅಕ್ಷವಿರುವ ಗ್ರಾಫಿನಲ್ಲಿ ಎರಡು ಗೆರೆಗಳು ಒಂದನ್ನೊಂದು ದಾಟುವ ಜಾಗಕ್ಕೆ ಯಾವ ಅರ್ಥವೂ ಇಲ್ಲ, ಅಕ್ಷ ಎಳೆದವರ ಇಷ್ಟದಂತೆ ಅದು ಜರುಗುತ್ತದೆ.

ಪೈ ಚಾರ್ಟ್ ಒಂದೇ ಪೂರ್ಣದ ಭಾಗಗಳಿಗೆ ಮಾತ್ರ. ಒಬ್ಬರಿಗೇ ಜ್ವರವೂ ಕೆಮ್ಮೂ ತಲೆನೋವೂ ಇರುವುದರಿಂದ ರೋಗಲಕ್ಷಣಗಳ ಶೇಕಡಾವಾರು ಸೇರಿದರೆ ನೂರು ದಾಟುತ್ತದೆ, ಅದಕ್ಕೆ ಅಡ್ಡ ಬಾರ್ ಸಾಕು.

ಬಾಕ್ಸ್ ಪ್ಲಾಟ್ ಕಂಡರೆ ಹೆದರಬೇಕಿಲ್ಲ. ಚತುರ್ಥಕಗಳ ನಡುವಿನ ಭಾಗವನ್ನು ಪೆಟ್ಟಿಗೆಯಾಗಿಯೂ ಉಳಿದದ್ದನ್ನು ಅದರಿಂದ ಹೊರಚಾಚುವ ಗೆರೆಗಳಾಗಿಯೂ (ಮೀಸೆ) ಬಿಡಿ ಚುಕ್ಕೆಗಳಾಗಿಯೂ ತೋರಿಸುವ ಚಿತ್ರ ಅದು. ನಮ್ಮ ಡೆಂಗಿ ಉದಾಹರಣೆಯಲ್ಲಿ ಪೆಟ್ಟಿಗೆ 3ರಿಂದ 5ರವರೆಗೆ, ಒಳಗಿನ ಗೆರೆ 4ರಲ್ಲಿ. ಪೆಟ್ಟಿಗೆಯ ಉದ್ದ 2; ಅದರ ಒಂದೂವರೆ ಪಟ್ಟು 3. 5ಕ್ಕೆ 3 ಸೇರಿಸಿದರೆ 8, ಅದರಾಚೆ ಇರುವುದೆಲ್ಲ ಬಿಡಿ ಚುಕ್ಕೆ. ಹಾಗಾಗಿ ಮೀಸೆ 2ರಿಂದ 6ರವರೆಗೆ ಚಾಚುತ್ತದೆ, 27 ಮಾತ್ರ ದೂರದಲ್ಲಿ ಒಂಟಿ ಚುಕ್ಕೆಯಾಗಿ ನಿಲ್ಲುತ್ತದೆ. ನಾಲ್ಕೈದು ಆಸ್ಪತ್ರೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಇದಕ್ಕಿಂತ ಒಳ್ಳೆಯ ಚಿತ್ರವಿಲ್ಲ. ಆದರೆ ಪೆಟ್ಟಿಗೆಯ ಹಿಂದೆ 11 ಜನರಿದ್ದಾರೋ 1100 ಜನರಿದ್ದಾರೋ ಅದು ಹೇಳುವುದಿಲ್ಲ. ಸಂಖ್ಯೆಯನ್ನು ಕೆಳಗೆ ಬರೆಯಿರಿ.

ಸಾಂಕ್ರಾಮಿಕದ ಗ್ರಾಫಿನಲ್ಲಿ ಅಡ್ಡ ಅಕ್ಷದ ತಾರೀಕು ಯಾವುದೆಂದು ಕೇಳಿ: ಜ್ವರ ಶುರುವಾದ ದಿನವೇ, ಸ್ಯಾಂಪಲ್ ತೆಗೆದ ದಿನವೇ, ವರದಿ ಬಂದ ದಿನವೇ? ವರದಿ ದಿನದ ಮೇಲೆ ಬಿಡಿಸಿದರೆ ಭಾನುವಾರ ತಗ್ಗು, ಸೋಮವಾರ ಮಂಗಳವಾರ ಏರು. ಅದು ಲ್ಯಾಬ್‌ನ ರಜೆಯ ಚಿತ್ರ, ರೋಗದ್ದಲ್ಲ. ಜ್ವರ ಶುರುವಾದ ದಿನದ ಮೇಲೆ ಬಿಡಿಸಿದರೆ ಇನ್ನೊಂದು ಮೋಸವಿದೆ: ಕೊನೆಯ ವಾರದ ಕಂಬಗಳು ಯಾವಾಗಲೂ ಗಿಡ್ಡ, ಏಕೆಂದರೆ ಆ ರೋಗಿಗಳು ಇನ್ನೂ ಆಸ್ಪತ್ರೆಗೆ ಬಂದಿಲ್ಲ, ಬಂದವರ ವರದಿ ಬಂದಿಲ್ಲ. ಇಳಿಕೆ ಶುರುವಾಯಿತೆಂದು ಫಾಗಿಂಗ್, ಲಾರ್ವಾ ಸಮೀಕ್ಷೆ ನಿಲ್ಲಿಸಿದರೆ ಮುಂದಿನ ವಾರ ಪಶ್ಚಾತ್ತಾಪ. ಕೊನೆಯ ಎರಡು ವಾರದ ಕಂಬಗಳನ್ನು ತಿಳಿಬಣ್ಣದಲ್ಲಿ ಬಿಡಿಸಿ 'ಅಪೂರ್ಣ' ಎಂದು ಬರೆಯುವುದು ಸುರಕ್ಷಿತ. ಒಟ್ಟು ಸಂಖ್ಯೆಯನ್ನು ಕೂಡಿಸುತ್ತ ಹೋಗುವ ಗ್ರಾಫ್ ಎಂದೂ ಇಳಿಯುವುದಿಲ್ಲ. ಸ್ಥಿತಿ ಹದಗೆಡುತ್ತಿದೆಯೇ ಎಂದು ತಿಳಿಯಲು ಅದನ್ನು ನೋಡಬೇಡಿ.

ಋತುವಿಗೆ ಕಟ್ಟುಬಿದ್ದ ರೋಗಗಳಿಗೆ ಮಂಗನ ಕಾಯಿಲೆಯೇ ಸಾಕ್ಷಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಉಣ್ಣೆಗಳಿಂದ ಹರಡುತ್ತದೆ; ಡಿಸೆಂಬರ್ ಸುಮಾರಿಗೆ ಶುರುವಾಗಿ ಬೇಸಿಗೆಯಲ್ಲಿ ಏರಿ, ಮಳೆ ಹಿಡಿದ ಮೇಲೆ ಇಳಿಯುತ್ತದೆ. ಮಾರ್ಚ್ ಮತ್ತು ಜುಲೈ ಹೋಲಿಸಿ ನಿಯಂತ್ರಣಕ್ಕೆ ಬಂತು ಎನ್ನುವಂತಿಲ್ಲ, ಈ ಮಾರ್ಚನ್ನು ಹಿಂದಿನ ಮಾರ್ಚ್‌ಗಳೊಂದಿಗೆ ಹೋಲಿಸಬೇಕು. ಜನವರಿಯಿಂದ ಡಿಸೆಂಬರ್ ಎಂದು ವರ್ಷ ಕತ್ತರಿಸಿದರೆ ಒಂದೇ ಋತುವಿನ ರೋಗಿಗಳು ಎರಡು ವರ್ಷಕ್ಕೆ ಹಂಚಿಹೋಗುತ್ತಾರೆ. ಈ ರೋಗಕ್ಕೆ ಜುಲೈಯಿಂದ ಜೂನ್ ಎಂದು ಎಣಿಸಿದರೆ ಏರಿಳಿತ ಸರಿಯಾಗಿ ಕಾಣುತ್ತದೆ.

ಜಿಲ್ಲೆಗಳಿಗೆ ಬಣ್ಣ ತುಂಬಿದ ನಕ್ಷೆಯಲ್ಲಿ ಬಣ್ಣ ಸಂಖ್ಯೆಗೋ ದರಕ್ಕೋ ಎಂದು ನೋಡಿ. ಸಂಖ್ಯೆಗಾದರೆ ಬೆಂಗಳೂರು ನಗರ ಜಿಲ್ಲೆ ಯಾವ ರೋಗದ ನಕ್ಷೆಯಲ್ಲೂ ಕಡುಬಣ್ಣವೇ, ಜನ ಅಲ್ಲಿ ಹೆಚ್ಚಿರುವುದರಿಂದ.

ಮಗುವಿನ ಬೆಳವಣಿಗೆಯ ಗ್ರಾಫ್

ಇದನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಪ್ರತಿ ಅಂಗನವಾಡಿಯಲ್ಲಿ, ಪ್ರತಿ ತಾಯಿ ಕಾರ್ಡಿನಲ್ಲಿ ಇದಿದೆ. ಇದರ ಗೆರೆಗಳು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡದವು. ಭಾರತವೂ ಸೇರಿ ಆರು ದೇಶಗಳಲ್ಲಿ, ಒಳ್ಳೆಯ ಪರಿಸರದಲ್ಲಿ, ತಾಯಿಯ ಹಾಲು ಕುಡಿದು ಬೆಳೆದ ಮಕ್ಕಳನ್ನು ಅಳೆದು ಅದನ್ನು ಮಾಡಿದ್ದಾರೆ. ಹಸಿರು, ಹಳದಿ, ಕಿತ್ತಳೆ ಪಟ್ಟಿಗಳಲ್ಲಿ ಚುಕ್ಕೆ ಎಲ್ಲಿ ಬಿತ್ತು ಎಂಬುದನ್ನಷ್ಟೇ ನೋಡುವುದು ಸಾಲದು. ಹಸಿರಿನಲ್ಲಿದ್ದರೂ ಎರಡು ಮೂರು ತಿಂಗಳಿಂದ ಗೆರೆ ಅಡ್ಡಡ್ಡ ಮಲಗಿದ್ದರೆ ಆ ಮಗುವಿಗೆ ಏನೋ ಆಗಿದೆ. ಹಳದಿಯಲ್ಲಿದ್ದರೂ ಮುದ್ರಿತ ಗೆರೆಗೆ ಸಮಾನಾಂತರವಾಗಿ ಮೇಲೇರುತ್ತಿದ್ದರೆ ಮಗು ತನ್ನ ದಾರಿಯಲ್ಲಿ ಬೆಳೆಯುತ್ತಿದೆ. ದಿಢೀರ್ ಏರಿಳಿತ ಕಂಡರೆ ತಕ್ಕಡಿಯ ಸೊನ್ನೆ ಸರಿಯಿತ್ತೇ, ಮಗುವಿಗೆ ಸ್ವೆಟರ್ ಇತ್ತೇ, ವಯಸ್ಸು ಸರಿಯಾದ ತಿಂಗಳಲ್ಲಿ ಗುರುತಿಸಿದ್ದೀರಾ ಎಂದು ಮೊದಲು ನೋಡಿ.

ಜನಸಮುದಾಯದ ಮಟ್ಟದಲ್ಲಿ ಇದೇ ಗೆರೆ ಇನ್ನೊಂದು ಕಥೆ ಹೇಳುತ್ತದೆ. ವಯಸ್ಸಿಗೆ ತಕ್ಕ ಎತ್ತರ ಮೈನಸ್ 2ರ ಗೆರೆಗಿಂತ (ಮಾನದಂಡದ ನಡುಗೆರೆಯಿಂದ ಎರಡು ಮಾನಕ ವಿಚಲನೆ ಕೆಳಗಿನ ಗೆರೆ) ಕೆಳಗಿದ್ದರೆ ಕುಂಠಿತ ಬೆಳವಣಿಗೆ. ಮಾನದಂಡದ ಮಕ್ಕಳಲ್ಲಿ ಈ ಗೆರೆಯ ಕೆಳಗೆ ಬೀಳುವವರು ಶೇ. 2.3 ಮಾತ್ರ. ಕರ್ನಾಟಕದಲ್ಲಿ, ಐದನೇ ಸಮೀಕ್ಷೆಯ ಪ್ರಕಾರ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4. ಗಂಟೆಯಾಕಾರದ ಹರಡಿಕೆಯಲ್ಲಿ ಇಷ್ಟೊಂದು ಮಕ್ಕಳು ಮೈನಸ್ 2ರ ಕೆಳಗಿರಬೇಕಾದರೆ ಸರಾಸರಿ ಮಗುವೇ ಮೈನಸ್ 1.5ರ ಸುತ್ತಮುತ್ತ ಇರಬೇಕು. ಅಂದರೆ ಕುಂಠಿತರೆಂದು ಪಟ್ಟಿಯಾದ ಮೂರರಲ್ಲೊಂದು ಮಗುವಿನ ಸಮಸ್ಯೆ ಮಾತ್ರವಲ್ಲ ಇದು. ಗೆರೆಯ ಮೇಲಿರುವ ಮಕ್ಕಳೂ ತಾವು ಬೆಳೆಯಬಹುದಾಗಿದ್ದಷ್ಟು ಬೆಳೆದಿಲ್ಲ. ಶೇಕಡಾವಾರು ನೋಡಿದರೆ ಇದು ತಿಳಿಯುವುದಿಲ್ಲ, ಹರಡಿಕೆಯ ಪೂರ್ತಿ ಚಿತ್ರ ನೋಡಿದರೆ ತಿಳಿಯುತ್ತದೆ.

ಹಂತ 7: ಬರೆಯುವ ರೀತಿ

'ನಮ್ಮ ಪಿಎಚ್‌ಸಿಯಲ್ಲಿ ಗರ್ಭಿಣಿಯರ ಸರಾಸರಿ ಹಿಮೋಗ್ಲೋಬಿನ್ 10.6' ಎಂಬ ಸಾಲಿನ ಬದಲು ಹೀಗೆ ಬರೆಯಬಹುದು (ಅಂಕಿಗಳು ಮಾದರಿಗಾಗಿ): 'ಏಪ್ರಿಲ್‌ನಿಂದ ಜೂನ್‌ವರೆಗೆ ನೋಂದಾಯಿಸಿದ 212 ಗರ್ಭಿಣಿಯರಲ್ಲಿ 196 ಜನರ ಹಿಮೋಗ್ಲೋಬಿನ್ ಮೊದಲ ಭೇಟಿಯಲ್ಲೇ ಡಿಜಿಟಲ್ ಮೀಟರಿನಲ್ಲಿ ನೋಡಲಾಗಿದೆ. ಮಧ್ಯಾಂಕ 10.7, ನಡುವಿನ ಅರ್ಧದಷ್ಟು ಜನ 9.8ರಿಂದ 11.5ರೊಳಗೆ. 11ಕ್ಕಿಂತ ಕಡಿಮೆ 112 ಜನ (ಶೇ. 57), 7ಕ್ಕಿಂತ ಕಡಿಮೆ 3 ಜನ, ಮೂವರನ್ನೂ ತಾಲ್ಲೂಕು ಆಸ್ಪತ್ರೆಗೆ ಕಳಿಸಲಾಗಿದೆ. 16 ಜನರ ಪರೀಕ್ಷೆ ಆಗಿಲ್ಲ, ಅವರಲ್ಲಿ 11 ಜನ ಒಂದೇ ಉಪಕೇಂದ್ರದವರು.'

ಇದರಲ್ಲಿ ಕೊನೆಯ ವಾಕ್ಯವನ್ನು ಬಿಡಲೇಬೇಡಿ. ಪರೀಕ್ಷೆಗೆ ಸಿಗದವರು ಸಾಮಾನ್ಯವಾಗಿ ದೂರದ ಊರಿನವರು, ಕೂಲಿ ಬಿಟ್ಟು ಬರಲಾಗದವರು, ವಲಸೆ ಬಂದವರು. ಅವರ ಹಿಮೋಗ್ಲೋಬಿನ್ ಪರೀಕ್ಷೆಯಾದವರಿಗಿಂತ ಕಡಿಮೆ ಇರುವ ಸಂಭವವೇ ಹೆಚ್ಚು. ಆ ಹನ್ನೊಂದು ಜನರ ಹೆಸರು, ಊರು, ಎಷ್ಟನೇ ತಿಂಗಳು ಎಂಬ ಪಟ್ಟಿಯನ್ನು ವರದಿಯ ಜೊತೆಗಲ್ಲದೆ ಬೇರೆಯಾಗಿ ಆ ಉಪಕೇಂದ್ರದ ಸಿಸ್ಟರಿಗೆ ಕೊಡಿ. ಮುಂದಿನ ತಾಯಂದಿರ ತಪಾಸಣೆಯ ದಿನ ಮೀಟರು ಮತ್ತು ಸ್ಟ್ರಿಪ್ಪುಗಳನ್ನು ಅಲ್ಲಿಗೇ ಕೊಂಡೊಯ್ಯುವ ವ್ಯವಸ್ಥೆ ಮಾಡಿ.